ಎರಡು ದೇಶ, ಒಂದೇ ಲೇಖನಿ

ಕಲಬುರಗಿಯಲ್ಲಿ ನಾವು ಮೂವರು ಗೆಳೆಯರು ಒಂದು ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಒಬ್ಬ ಆಳಂದದವ, ಇನ್ನೊಬ್ಬ ಅಫಜಲಪುರದವ, ನಾನು ಜೇವರ್ಗಿ ಕಡೆಯವ. ಮೂವರ ಹೊಲದಲ್ಲೂ ತೊಗರಿ, ಮೂವರ ಫೈಲಿನಲ್ಲೂ 371(ಜೆ) ಪ್ರಮಾಣಪತ್ರ. ಹಾಗಾಗಿ ನಮ್ಮಲ್ಲಿ ಜಗಳ ಕಡಿಮೆ. ಆದರೆ ಒಂದು ರಾತ್ರಿ ಮೊಬೈಲಿಗೆ ಬಂದ ಸಂದೇಶವೊಂದು ಮೂವರನ್ನೂ ಕಚ್ಚಾಡಿಸಿಬಿಟ್ಟಿತು. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ಬಿ.ಎನ್. ರಾವ್ ಎಂದು ಅದರಲ್ಲಿತ್ತು.

ಆಳಂದದ ಗೆಳೆಯ ಸಿಟ್ಟಾದ. ಅಂಥ ಹೆಸರಿನವರು ಇದ್ದರೇ ಎಂದು ಕೇಳಿದ. ಅಫಜಲಪುರದವ ಗೈಡ್ ತೆರೆದು ಪುಟ ತೋರಿಸಿದ. ಹೆಸರು ಅಲ್ಲಿತ್ತು. ಅದರ ಮುಂದೆ ಒಂದೇ ಸಾಲು, ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರು ಎಂದು. ಒಂದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು. ಅದಕ್ಕಿಂತ ಹೆಚ್ಚು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಅರ್ಧರಾತ್ರಿವರೆಗೆ ಜಗಳವಾಡಿದೆವಲ್ಲ ಎಂದು ಬೆಳಿಗ್ಗೆ ನನಗೇ ನಾಚಿಕೆಯಾಯಿತು. ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಒಂದು ಅಂಕದ ಉತ್ತರದ ಹಿಂದೆ ಇಷ್ಟು ದೊಡ್ಡ ಬದುಕು ಇದೆ ಎಂದು ನಾನು ಅಂದುಕೊಂಡಿರಲಿಲ್ಲ.

ಮಂಗಳೂರಿನ ಹುಡುಗ

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ಚಿತ್ರಾಪುರ ಸಾರಸ್ವತ ಕುಟುಂಬ. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಗುಲಬರ್ಗಾ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಇವತ್ತು ಒಂದೇ ರಾಜ್ಯದಲ್ಲಿರುವ ನಾವೆಲ್ಲ ಅಂದು ಬೇರೆ ಬೇರೆ ಸರ್ಕಾರಗಳ ಪ್ರಜೆಗಳು.

ನರಸಿಂಗ ರಾವ್ ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಮೆಟ್ರಿಕ್ಯುಲೇಷನ್‌ನಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾದರು. ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. 1905ರಲ್ಲಿ ಇಂಗ್ಲಿಷ್, ಭೌತವಿಜ್ಞಾನ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ, ಮರುವರ್ಷ ಗಣಿತದಲ್ಲಿಯೂ ಪ್ರಥಮ ದರ್ಜೆ. ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ, ಅಲ್ಲಿನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಆ ದಿನಗಳಲ್ಲಿ ಅದೇ ಕಾಲೇಜಿನಲ್ಲಿ ಓದುತ್ತಿದ್ದರು. 1909ರಲ್ಲಿ ಕೇಂಬ್ರಿಡ್ಜ್‌ನ ಕಠಿಣ ಗಣಿತ ಪರೀಕ್ಷೆಯಲ್ಲಿ ರಾವ್ 9ನೇ ರ‍್ಯಾಂಗ್ಲರ್ ಆದರು. ಅದೇ ವರ್ಷ ಐಸಿಎಸ್ ಪರೀಕ್ಷೆಯನ್ನೂ ಮುಗಿಸಿದರು.

ಅವರ ತಮ್ಮಂದಿರೂ ಸಾಮಾನ್ಯರಲ್ಲ. ಬೆನಗಲ್ ರಾಮರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರು. ಪತ್ರಕರ್ತರಾಗಿದ್ದ ಬಿ. ಶಿವರಾವ್ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಸಂವಿಧಾನ ರಚನೆಯ ದಾಖಲೆಗಳನ್ನು ಮುಂದೆ ಸಂಪುಟಗಳಲ್ಲಿ ಸಂಪಾದಿಸಿಕೊಟ್ಟವರೂ ಅವರೇ.

ಕಚೇರಿಯಲ್ಲಿ ಮಾಗಿದ ಕಾನೂನು

1910ರಲ್ಲಿ ರಾವ್ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. ಜಿಲ್ಲೆ ಆಳುವ ಅಧಿಕಾರಕ್ಕಿಂತ ನ್ಯಾಯಾಂಗದ ಕೆಲಸ ಅವರಿಗೆ ಹಿಡಿಸಿತು. ಆಮೇಲೆ ಅಸ್ಸಾಮಿಗೆ ಹೋಗಿ ಅಲ್ಲಿನ ಶಾಸನ ಸಭೆಯ ಕಾರ್ಯದರ್ಶಿಯಾಗಿ, ಕಾನೂನು ಇಲಾಖೆಯ ಅಧಿಕಾರಿಯಾಗಿ ಸುಮಾರು 8 ವರ್ಷ ದುಡಿದರು. ಶಾಸಕರು ತಮಗೆ ಬೇಕಾದ್ದನ್ನು ಬಾಯಲ್ಲಿ ಹೇಳುತ್ತಾರೆ. ಅದನ್ನು ಕಾನೂನಿನ ಭಾಷೆಯಲ್ಲಿ ಬರೆದು, ನಾಳೆ ಕೋರ್ಟಿನಲ್ಲಿ ಬಿದ್ದುಹೋಗದಂತೆ ನೋಡಿಕೊಳ್ಳುವವನು ಬೇರೆ. ರಾವ್ ಕಲಿತದ್ದು ಈ ಎರಡನೇ ಕೆಲಸವನ್ನು.

1935ರಲ್ಲಿ ಭಾರತ ಸರ್ಕಾರ ಕಾಯ್ದೆ ಬಂತು. ಪ್ರಾಂತ್ಯಗಳಿಗೆ ಹೊಸ ಅಧಿಕಾರ ಸಿಕ್ಕಿದ್ದರಿಂದ ಅಲ್ಲಿಯವರೆಗಿನ ನೂರಾರು ಕಾನೂನುಗಳನ್ನು ಆ ಕಾಯ್ದೆಗೆ ಹೊಂದುವಂತೆ ತಿದ್ದಬೇಕಾಯಿತು. ಆ ಹೊಣೆ ರಾವ್ ಅವರದಾಯಿತು. ಅದನ್ನು ಮುಗಿಸಿದ ಮೇಲೆ 1938ರಲ್ಲಿ ಸರ್ ಪದವಿ ಬಂತು. ನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಆ ದಿನಗಳ ಮೂರು ಕೆಲಸಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಮೂರೂ ನಮ್ಮ ಮನೆ ಬಾಗಿಲಿಗೆ ಬರುತ್ತವೆ. ಮೊದಲನೆಯದು ರೈಲಿನದು. ಕಲಬುರಗಿ, ವಾಡಿ ಮೂಲಕ ಹಾದುಹೋಗುವ ನಮ್ಮ ಮುಂಬೈ ಹಳಿ ಅಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ಎರಡನೇ ಮಹಾಯುದ್ಧದಿಂದ ಬೆಲೆ ಏರಿದಾಗ ಆ ರೈಲ್ವೆಯ ನೌಕರರು ತುಟ್ಟಿಭತ್ಯೆ ಕೇಳಿದರು. ಅದರ ವಿಚಾರಣೆ 1940ರಲ್ಲಿ ರಾವ್ ಅವರ ಮುಂದೆ ನಡೆಯಿತು.

ಎರಡನೆಯದು ನೀರಿನದು. ಪಂಜಾಬ್ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿದರೆ ತಮಗೆ ನೀರು ಸಾಲದು ಎಂದು ಸಿಂಧ್ ಪ್ರಾಂತ್ಯ ದೂರಿತು. ರಾವ್ ಅಧ್ಯಕ್ಷತೆಯ ಆಯೋಗ 1942ರಲ್ಲಿ ವರದಿ ಕೊಟ್ಟಿತು. ನದಿ ಒಂದೇ ಪ್ರಾಂತ್ಯದ ಸ್ವತ್ತಲ್ಲ, ಅದರ ದಂಡೆಯ ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬುದು ಆ ವರದಿಯ ಸಾರ. ಬೇಸಿಗೆಯಲ್ಲಿ ಭೀಮೆ ಬತ್ತಿದಾಗ ಅಫಜಲಪುರದವರು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಕಡೆ ನೋಡಿ ನೀರು ಬಿಡಿ ಎಂದು ಕೇಳುವುದು ಇದೇ ನ್ಯಾಯದ ಮೇಲೆ.

ಮೂರನೆಯದು ಹೆಣ್ಣುಮಕ್ಕಳದು. ಹಿಂದೂ ಕಾನೂನನ್ನು ಒಂದು ಸಂಹಿತೆಯಾಗಿ ಬರೆಯಲು 1941ರಲ್ಲಿ ನೇಮಿಸಿದ, 1944ರಲ್ಲಿ ಮತ್ತೆ ಕೂಡಿಸಿದ ಸಮಿತಿಗೆ ರಾವ್ ಅಧ್ಯಕ್ಷರು. ಸಮಿತಿ ಊರೂರು ತಿರುಗಿ ಜನರ ಅಭಿಪ್ರಾಯ ಕೇಳಿತು, ವಿರೋಧವನ್ನೂ ಎದುರಿಸಿತು. ಆಸ್ತಿಯಲ್ಲಿ ಹೆಣ್ಣಿಗೆ ಹಕ್ಕು ಎಂಬ ಮಾತು ಈ ಕರಡಿನಿಂದ ಅಂಬೇಡ್ಕರ್ ಅವರ ಹಿಂದೂ ಸಂಹಿತೆ ಮಸೂದೆಗೆ, ಅಲ್ಲಿಂದ 1955–56ರ ಕಾಯ್ದೆಗಳಿಗೆ ಹರಿದುಬಂತು. ಮೊಬೈಲಿನ ಸಂದೇಶ ಎದುರುಬದುರು ನಿಲ್ಲಿಸಿದ ಈ ಇಬ್ಬರೂ ಇಲ್ಲಿ ಒಂದೇ ಕೆಲಸವನ್ನು ಒಬ್ಬರ ನಂತರ ಒಬ್ಬರು ಮುಂದಕ್ಕೆ ಒಯ್ದವರು.

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾವ್ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಹೊಂದಿಕೆಯಾಗದೆ ಮರುವರ್ಷವೇ ಆ ಹುದ್ದೆ ಬಿಟ್ಟು ಬಂದರು. ಇನ್ನು ವಿಶ್ರಾಂತಿಯ ವಯಸ್ಸು ಎನ್ನುವಾಗ ಅವರ ಬದುಕಿನ ದೊಡ್ಡ ಕೆಲಸ ಎದುರಾಯಿತು.

ಮತವಿಲ್ಲದ ಸಲಹೆಗಾರ

1946ರ ಜುಲೈನಲ್ಲಿ ರಾವ್ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಸಭೆ ಮೊದಲ ಬಾರಿ ಸೇರಿದ್ದು ಅದೇ ವರ್ಷ ಡಿಸೆಂಬರ್ 9ರಂದು. ರಾವ್ ಸಭೆಯ ಸದಸ್ಯರಲ್ಲ. ಅವರಿಗೆ ಮತ ಹಾಕುವ ಹಕ್ಕಿಲ್ಲ. ಈ ಕೆಲಸಕ್ಕೆ ಸಂಬಳವನ್ನೂ ಅವರು ಪಡೆಯಲಿಲ್ಲ.

ಒಂದು ದೇಶಕ್ಕೆ ಸರ್ಕಾರದ ಸ್ವರೂಪ ಬರೆಯುವುದು ಎಂದರೆ ಏನು? ನಾನು ಅದನ್ನು ದೊಡ್ಡ ದೊಡ್ಡ ಮಾತುಗಳ ಕೆಲಸ ಎಂದುಕೊಂಡಿದ್ದೆ. ರಾವ್ ಮಾಡಿದ್ದನ್ನು ಓದಿದಾಗ ಅದು ಪ್ರಶ್ನೆಗಳ ಕೆಲಸ ಎಂದು ತಿಳಿಯಿತು. 1947ರ ಮಾರ್ಚ್‌ನಲ್ಲಿ ಅವರು ಕೇಂದ್ರದ ಮತ್ತು ಪ್ರಾಂತ್ಯಗಳ ಶಾಸನ ಸಭೆಗಳ ಸದಸ್ಯರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ದೇಶದ ಮುಖ್ಯಸ್ಥನನ್ನು ಆರಿಸುವುದು ಹೇಗೆ? ಎಷ್ಟು ವರ್ಷಕ್ಕೆ? ಮಂತ್ರಿಗಳು ಯಾರಿಗೆ ಉತ್ತರ ಹೇಳಬೇಕು? ಒಂದೊಂದು ಪ್ರಶ್ನೆಯ ಜೊತೆಗೂ ಬೇರೆ ದೇಶಗಳಲ್ಲಿ ಇದು ಹೇಗಿದೆ ಎಂಬ ಮಾಹಿತಿ ಇರುತ್ತಿತ್ತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್, ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ಸಂವಿಧಾನಗಳಿಂದ ಬೇಕಾದ ಭಾಗ ಹೆಕ್ಕಿ ಮೂರು ಸಂಪುಟಗಳನ್ನು ಅವರ ಕಚೇರಿ ಸದಸ್ಯರ ಕೈಗಿತ್ತಿತು. ಸದಸ್ಯರು ತಿಳಿದು ಮಾತಾಡಲಿ ಎಂಬುದೇ ಅದರ ಉದ್ದೇಶ.

ಸಭೆಯ ಬೇರೆ ಬೇರೆ ಸಮಿತಿಗಳು ಮೂಲಭೂತ ಹಕ್ಕು, ಕೇಂದ್ರದ ಅಧಿಕಾರ, ಪ್ರಾಂತ್ಯಗಳ ಅಧಿಕಾರ ಎಂದು ವರದಿ ಕೊಟ್ಟವು. ಸಭೆ ಅವುಗಳ ಮೇಲೆ ನಿರ್ಧಾರ ಮಾಡಿತು. ಆ ನಿರ್ಧಾರಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ರಾವ್ 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳು, 13 ಅನುಸೂಚಿಗಳು.

ಕೋರ್ಟಿಗೆ ಹೋಗಿ ಕೇಳಬಹುದಾದ ಹಕ್ಕುಗಳು ಒಂದು ಕಡೆ, ಸರ್ಕಾರ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ನಿರ್ದೇಶನಗಳು ಇನ್ನೊಂದು ಕಡೆ ಎಂಬ ವಿಭಾಗಕ್ಕೆ ಅವರು ಒತ್ತು ಕೊಟ್ಟರು. ಇದಕ್ಕೆ ಐರ್ಲೆಂಡಿನ ಸಂವಿಧಾನ ಮಾದರಿ. ಇವತ್ತು ನಾವು ಬಾಯಿಪಾಠ ಮಾಡುವ ರಾಜ್ಯ ನೀತಿ ನಿರ್ದೇಶಕ ತತ್ವಗಳು ಅವೇ.

ಬರ್ಮಾದಿಂದ ಬಂದ ಅತಿಥಿ

ನನಗೆ ಅತ್ಯಂತ ಆಶ್ಚರ್ಯವಾದದ್ದು ಈ ಭಾಗ. 1947ರ ಏಪ್ರಿಲ್‌ನಲ್ಲಿ ಬರ್ಮಾ ದೇಶದ ಸಾಂವಿಧಾನಿಕ ಸಲಹೆಗಾರ ಉ ಚಾನ್ ತೂನ್ ದೆಹಲಿಗೆ ಬಂದರು. ಬ್ರಿಟಿಷರು ಅಲ್ಲಿಂದಲೂ ಹೊರಡುವವರಿದ್ದರು. ಆ ದೇಶಕ್ಕೂ ಹೊಸ ಸಂವಿಧಾನ ಬೇಕಿತ್ತು. ಭಾರತದ ಕೆಲಸ ಮೈತುಂಬ ಇದ್ದಾಗಲೇ ರಾವ್ ಅವರೊಂದಿಗೆ ಕೂತು ಬರ್ಮಾದ ಕರಡಿಗೂ ನೆರವಾದರು.

ಆ ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲೇ ದೊಡ್ಡ ಪೆಟ್ಟು ತಿಂದಿತು. ಜುಲೈ 19ರಂದು ಅಲ್ಲಿನ ನಾಯಕ ಆಂಗ್ ಸಾನ್ ಅವರನ್ನು ಸಂಗಡಿಗರ ಸಮೇತ ಗುಂಡಿಟ್ಟು ಕೊಂದರು. ಆದರೂ ಸೆಪ್ಟೆಂಬರ್ 24ರಂದು ಅಲ್ಲಿನ ಸಂವಿಧಾನ ಸಭೆ ಸಂವಿಧಾನವನ್ನು ಒಪ್ಪಿಕೊಂಡಿತು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ನಮ್ಮ ಸಂವಿಧಾನ ಇನ್ನೂ ಕರಡಿನ ಹಂತದಲ್ಲಿದ್ದಾಗಲೇ ಮಂಗಳೂರಿಗರೊಬ್ಬರು ನೆರವಾದ ಸಂವಿಧಾನವೊಂದು ಪಕ್ಕದ ದೇಶದಲ್ಲಿ ಜಾರಿಗೆ ಬಂದಿತ್ತು.

ಬಿಟ್ಟುಹೋದ ಪದ

ಮೊದಲ ಕರಡು ಕೊಟ್ಟ ಮೇಲೆ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಪ್ರವಾಸ ಹೊರಟರು. ಸಂವಿಧಾನ ಕಾಗದದಲ್ಲಿ ಹೇಗಿದೆ ಎನ್ನುವುದು ಅವರಿಗೆ ಗೊತ್ತಿತ್ತು. ನಡೆಸಿ ನೋಡಿದವರ ಅನುಭವ ಕೇಳಬೇಕಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್, ಐರ್ಲೆಂಡಿನ ಡಿ ವೆಲೆರಾ ಅವರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ನಡೆದ ಮಾತುಕತೆ ನಮ್ಮ ಸಂವಿಧಾನದ ಒಂದು ವಿಧಿಯನ್ನೇ ಬದಲಿಸಿತು.

ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಸರಿಯಾದ ಕಾನೂನುಕ್ರಮವಿಲ್ಲದೆ ಕಸಿಯಬಾರದು ಎಂಬ ಅರ್ಥದ ಮಾತು ಆವರೆಗೆ ಕರಡಿನಲ್ಲಿತ್ತು. ಅಮೆರಿಕದಿಂದ ಬಂದ ಮಾತದು. ಕ್ರಮ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ಅದರಿಂದ ಕೋರ್ಟಿಗೆ ಸಿಗುತ್ತದೆ. ಆದರೆ ಜನ ಆರಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಮೂರ್ತಿಗಳು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ ಎಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ಅಮೆರಿಕದಲ್ಲಿ ಕಾರ್ಮಿಕರ ಪರವಾದ ಕಾನೂನುಗಳು ಹಾಗೆ ಬಿದ್ದುಹೋಗಿದ್ದವು. ಭಾರತದಲ್ಲಿ ಮುಂದೆ ಬರಬೇಕಿದ್ದ ಭೂಸುಧಾರಣೆಯ ಕಾನೂನುಗಳಿಗೂ ಅದೇ ಗತಿ ಬಂದರೆ ಎಂಬ ಚಿಂತೆ ರಾವ್ ಅವರಿಗಿತ್ತು. ಜಹಗೀರುಗಳ ನಾಡಾಗಿದ್ದ ನಮ್ಮ ಕಡೆಯವರಿಗೆ ಆ ಚಿಂತೆ ಬೇಗ ಅರ್ಥವಾಗುತ್ತದೆ. ಕೊನೆಗೆ ಆ ಮಾತು ಹೋಗಿ, ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಅರ್ಥದ ಮಾತು ಬಂತು. ಇವತ್ತಿನ 21ನೇ ವಿಧಿ ಅದೇ.

ರೈತನ ಹಿತಕ್ಕಾಗಿ ಮಾಡಿದ ಈ ಬದಲಾವಣೆಗೆ ಇನ್ನೊಂದು ಮುಖವೂ ಇತ್ತು. ಒಂದು ಕಾನೂನು ಮಾಡಿ, ಅದರ ಪ್ರಕಾರವೇ ಯಾರನ್ನಾದರೂ ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದರೆ ಕೇಳುವವರು ಯಾರು? ಸಭೆಯಲ್ಲಿ ಇದಕ್ಕೆ ತೀವ್ರ ಟೀಕೆ ಬಂತು. ಆಗ ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ ಹೊಸ ವಿಧಿಯೊಂದನ್ನು ತಂದರು. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇವತ್ತಿನ 22ನೇ ವಿಧಿ ಇದು. ಆದರೆ ಮುನ್ನೆಚ್ಚರಿಕೆಯ ಬಂಧನಕ್ಕೆ ಅದೇ ವಿಧಿ ಜಾಗವನ್ನೂ ಬಿಟ್ಟಿತು.

ಮುಂದಿನ ಕಥೆ ಕೋರ್ಟಿನದು. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯನ್ನು ಬಿಗಿಯಾಗಿ ಓದಿತು. ಕಾನೂನಿನಲ್ಲಿ ಬರೆದ ಕ್ರಮ ಪಾಲಿಸಿದರೆ ಸಾಕು ಎಂದಿತು. ತುರ್ತು ಪರಿಸ್ಥಿತಿಯ ಕಹಿಯನ್ನು ದೇಶ ಕಂಡ ಮೇಲೆ, 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ, ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ತೀರ್ಪು ಕೊಟ್ಟಿತು. ಕರಡಿನಿಂದ ಬಿಟ್ಟುಹೋಗಿದ್ದ ಅರ್ಥ ಸುಮಾರು 30 ವರ್ಷಗಳ ನಂತರ ಬೇರೆ ಬಾಗಿಲಿನಿಂದ ಒಳಗೆ ಬಂತು.

ರಾವ್ ಹೇಳಿದ್ದೆಲ್ಲ ನಡೆಯಲೂ ಇಲ್ಲ. ನಿರ್ದೇಶಕ ತತ್ವ ಜಾರಿಗೆ ತರಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ವಿರುದ್ಧವಾದರೂ ಉಳಿಯಬೇಕು ಎಂಬ ಅವರ ಸಲಹೆಯನ್ನು ಕರಡು ಸಮಿತಿ ಒಪ್ಪಲಿಲ್ಲ. ಸಲಹೆ ಕೊಡುವುದು ಅವರ ಕೆಲಸ, ತೀರ್ಮಾನ ಬೇರೆಯವರದು.

ಹಾಗಾದರೆ ಬರೆದವರು ಯಾರು?

ನಮ್ಮ ಕೋಣೆಯ ಜಗಳಕ್ಕೆ ಬರೋಣ. 1947ರ ಆಗಸ್ಟ್ 29ರಂದು ಸಭೆ ಕರಡು ಸಮಿತಿಯನ್ನು ನೇಮಿಸಿತು. ಅಂಬೇಡ್ಕರ್ ಅದರ ಅಧ್ಯಕ್ಷರಾದರು. ರಾವ್ ಕೊಟ್ಟ 243 ವಿಧಿಗಳ ಕರಡನ್ನು ಈ ಸಮಿತಿ ಸಾಲು ಸಾಲಾಗಿ ಬಿಡಿಸಿ ನೋಡಿತು, ಕೆಲವನ್ನು ತೆಗೆಯಿತು, ಹಲವನ್ನು ಹೊಸದಾಗಿ ಬರೆಯಿತು. 1948ರ ಫೆಬ್ರವರಿಯಲ್ಲಿ ಹೊರಬಂದ ಕರಡಿನಲ್ಲಿ 315 ವಿಧಿಗಳಿದ್ದವು. ನಂತರ ಸಭೆಯಲ್ಲಿ ಒಂದೊಂದು ವಿಧಿಯ ಮೇಲೂ ಚರ್ಚೆ. ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂತು, ಅವುಗಳಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು. ಒಪ್ಪಬೇಕಾದ್ದನ್ನು ಒಪ್ಪಿ, ಬಿಡಬೇಕಾದ್ದಕ್ಕೆ ಕಾರಣ ಕೊಟ್ಟು, ಎಲ್ಲರಿಗೂ ಉತ್ತರ ಹೇಳಿದವರು ಅಂಬೇಡ್ಕರ್. ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಉಳಿದವರಲ್ಲಿ ಕೆಲವರು ದೂರದಲ್ಲಿದ್ದರು, ಭಾರವೆಲ್ಲ ಅನಾರೋಗ್ಯದ ಅಂಬೇಡ್ಕರ್ ಹೆಗಲಿಗೆ ಬಿತ್ತು ಎಂದು ಸಮಿತಿಯವರೇ ಆದ ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲಿ ಹೇಳಿದರು. ಕೊನೆಗೆ 395 ವಿಧಿಗಳು, 8 ಅನುಸೂಚಿಗಳ ಸಂವಿಧಾನ 1949ರ ನವೆಂಬರ್ 26ರಂದು ಅಂಗೀಕಾರವಾಯಿತು.

ಅದರ ಹಿಂದಿನ ದಿನ ಅಂಬೇಡ್ಕರ್ ಸಭೆಯಲ್ಲಿ ಮಾಡಿದ ಭಾಷಣದಲ್ಲಿ, ತಮಗೆ ಸಲ್ಲಿಸುತ್ತಿರುವ ಶ್ರೇಯಸ್ಸು ಪೂರ್ತಿ ತಮ್ಮದಲ್ಲ ಎಂದರು. ಮೊದಲ ಒರಟು ಕರಡು ಸಿದ್ಧಪಡಿಸಿದ ಬಿ.ಎನ್. ರಾವ್ ಅವರಿಗೂ, ಕಠಿಣ ವಿಷಯವನ್ನು ಸ್ಪಷ್ಟ ಭಾಷೆಯಲ್ಲಿ ಇಳಿಸಿದ ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೂ, ಸಮಿತಿಯ ಸದಸ್ಯರಿಗೂ ಪಾಲು ಸಲ್ಲಬೇಕು ಎಂದು ಹೆಸರು ಹಿಡಿದು ಹೇಳಿದರು. ರಾವ್ ಅವರ ಹೆಸರನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಅದನ್ನು ಮೊದಲು ಎತ್ತಿ ಹೇಳಿದವರಲ್ಲಿ ಅಂಬೇಡ್ಕರ್ ಅವರೇ ಇದ್ದರು. ಒಬ್ಬರನ್ನು ಸಣ್ಣವರನ್ನಾಗಿ ಮಾಡಲು ಇನ್ನೊಬ್ಬರ ಹೆಸರು ಬಳಸುವ ಸಂದೇಶಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಈ ಭಾಗವನ್ನು ಕೋಣೆಯಲ್ಲಿ ಓದಿ ಹೇಳಿದಾಗ ಆಳಂದದ ಗೆಳೆಯ ಸುಮ್ಮನೆ ಕೇಳಿದ. ನಮ್ಮ ಕಡೆ ಮನೆ ಕಟ್ಟುವಾಗ ನಕ್ಷೆ ತೆಗೆಯುವವನು ಬೇರೆ, ಬುನಾದಿಯಿಂದ ಛತ್ತಿನವರೆಗೆ ನಿಂತು ಕಟ್ಟಿಸಿ ಮನೆಯವರ ನೂರು ತಕರಾರಿಗೆ ಉತ್ತರ ಹೇಳುವ ಗೌಂಡಿ ಬೇರೆ, ಇಬ್ಬರೂ ಬೇಕು ಎಂದ. ಅವನ ತಂದೆ ಗೌಂಡಿ ಕೆಲಸದವರು.

ನಮ್ಮವರು ಆಗ ಎಲ್ಲಿದ್ದರು?

ಇಷ್ಟೆಲ್ಲ ದೆಹಲಿಯಲ್ಲಿ ನಡೆಯುವಾಗ ಆಳಂದ, ಅಫಜಲಪುರ, ಜೇವರ್ಗಿಯ ಜನ ಭಾರತದ ಸಂವಿಧಾನ ಸಭೆಯ ಲೆಕ್ಕದಲ್ಲಿದ್ದೂ ಇರಲಿಲ್ಲ. 1947ರ ಆಗಸ್ಟ್ 15ರಂದು ನಮ್ಮೂರುಗಳಲ್ಲಿ ಸ್ವಾತಂತ್ರ್ಯ ಬರಲಿಲ್ಲ. ನಿಜಾಮರು ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. ರಜಾಕಾರರ ಹಾವಳಿ ಇತ್ತು. ಮುತ್ಯಾನ ಟ್ರಂಕಿನಲ್ಲಿರುವ ಆ ಕಾಲದ ಹೊಲದ ಕಾಗದಗಳು ಉರ್ದುವಿನಲ್ಲಿವೆ, ಈಗ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. 1948ರ ಸೆಪ್ಟೆಂಬರ್ 17ರಂದು ನಮಗೆ ವಿಮೋಚನೆ ಸಿಕ್ಕಿತು. ಆಗಲೂ ಸಂವಿಧಾನ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನದ ಪಾಲಿನ ಸ್ಥಾನಗಳು ತುಂಬಲಿಲ್ಲ. 1949ರ ನವೆಂಬರ್ 23ರಂದು ನಿಜಾಮರು ಫರ್ಮಾನು ಹೊರಡಿಸಿ ಈ ಸಂವಿಧಾನ ಹೈದರಾಬಾದಿಗೂ ಅನ್ವಯ ಎಂದು ಒಪ್ಪಿದರು.

ನಮ್ಮ ಪರವಾಗಿ ಒಬ್ಬರೂ ಮಾತಾಡದ ಸಭೆ ಬರೆದ ಸಂವಿಧಾನ ನಮ್ಮದಾದದ್ದು ಹೇಗೆ? ನನಗೆ ಹೊಳೆದ ಉತ್ತರ ಇದು. 1952ರ ಮೊದಲ ಚುನಾವಣೆಯಲ್ಲಿ ಓದು ಬಾರದವರಿಗೂ, ಹೆಣ್ಣುಮಕ್ಕಳಿಗೂ, ಕೂಲಿಯವರಿಗೂ ಒಂದೊಂದು ಮತ ಸಿಕ್ಕಿತು. ಗುಲಬರ್ಗಾದಿಂದ ಸ್ವಾಮಿ ರಾಮಾನಂದ ತೀರ್ಥರು ಲೋಕಸಭೆಗೆ ಹೋದರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ದಶಕಗಳ ಹೋರಾಟದ ಫಲವಾಗಿ 98ನೇ ತಿದ್ದುಪಡಿ ಬಂದು 371(ಜೆ) ವಿಧಿ ಸೇರಿತು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಸಿಕ್ಕಿತು. ರಾವ್ ಕರಡಿನಲ್ಲಿ ಇದು ಇರಲಿಲ್ಲ, ಅಂಬೇಡ್ಕರ್ ಕರಡಿನಲ್ಲೂ ಇರಲಿಲ್ಲ. ಆದರೆ ಮುಂದಿನವರು ಸೇರಿಸಿಕೊಳ್ಳಲು ಬಾಗಿಲು ಇತ್ತು. ಆ ಬಾಗಿಲಿನಿಂದ ನಾವು ಒಳಗೆ ಬಂದೆವು.

ಕೊನೆಯ ವರ್ಷಗಳು

ಇತ್ತ ರಾವ್ ಅವರ ಕೆಲಸ ವಿಶ್ವಸಂಸ್ಥೆಯ ಕಡೆ ಹೊರಳಿತ್ತು. ಅಲ್ಲಿ ಅವರು ಭಾರತದ ಪ್ರತಿನಿಧಿ. 1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಅವರೇ. ಆ ವರ್ಷದ ಕೊನೆಗೆ ಕದನವಿರಾಮಕ್ಕೆ ದಾರಿ ಹುಡುಕಲು ನೇಮಿಸಿದ ಮೂವರಲ್ಲಿಯೂ ಒಬ್ಬರಾಗಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಹೆಚ್ಚು ದಿನ ಆ ಪೀಠದಲ್ಲಿ ಕೂರುವ ಯೋಗ ಇರಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಅವರು ಹೋದ ಮೇಲಿನ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಬರ್ಮಾದಲ್ಲಿ 1962ರ ಮಾರ್ಚ್ 2ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. 1947ರ ಸಂವಿಧಾನ ಅಲ್ಲಿಗೆ ಮುಗಿಯಿತು. ಅದರಲ್ಲೂ ಹಕ್ಕುಗಳಿದ್ದವು, ಸಂಸತ್ತು ಇತ್ತು, ನಮ್ಮ ನಿರ್ದೇಶಕ ತತ್ವಗಳಂಥ ಅಧ್ಯಾಯವೂ ಇತ್ತು. ಅದೇ ಅನುಭವಿ ಕೈ ನೆರವಾಗಿತ್ತು. ಆದರೂ 15 ವರ್ಷ ಬಾಳಲಿಲ್ಲ. ನಮ್ಮದು ಇನ್ನೂ ನಿಂತಿದೆ.

ಅಲ್ಲಿ ಮೊದಲಿನಿಂದ ಅಂತರ್ಯುದ್ಧ ಇತ್ತು, ದೊಡ್ಡ ನಾಯಕನ ಕೊಲೆಯಾಗಿತ್ತು, ಸೇನೆ ಬಲಿತಿತ್ತು. ಕಾರಣ ಹಲವು. ನಮಗೂ ಪರೀಕ್ಷೆ ಬಾರದೆ ಇರಲಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಹಕ್ಕುಗಳು ಕಾಗದದಲ್ಲೇ ಉಳಿದವು. 1977ರಲ್ಲಿ ಮತದಾರರು ತಮ್ಮ ತೀರ್ಪು ಕೊಟ್ಟರು. ಮರುವರ್ಷ 44ನೇ ತಿದ್ದುಪಡಿ ಬಂದು, ತುರ್ತು ಪರಿಸ್ಥಿತಿಯಲ್ಲಿಯೂ 21ನೇ ವಿಧಿಯ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂದಾಯಿತು. ಕರಡು ಬರೆದವರು ಇದನ್ನು ಬರೆದಿರಲಿಲ್ಲ. ಪೆಟ್ಟು ತಿಂದವರು ಬರೆದರು.

ಎಷ್ಟೇ ಬಲ್ಲವರು ಬರೆದರೂ ಸಂವಿಧಾನ ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ, ಅದನ್ನು ಓದಿ ಹಕ್ಕು ಕೇಳುವ, ಕೆಟ್ಟಾಗ ತಿದ್ದುವ ಜನ ಬೇಕು. ರಾವ್ ಅವರ ಬದುಕಿನಿಂದ ನಾನು ತಿಳಿದದ್ದು ಇಷ್ಟು.

ಆ ಸಂದೇಶವನ್ನು ನಾವು ಮೂವರೂ ಯಾರಿಗೂ ಕಳಿಸಲಿಲ್ಲ. ಬದಲಿಗೆ ಆ ವಾರ ಊರಿಗೆ ಹೋದಾಗ ಸಂವಿಧಾನದ ಕನ್ನಡ ಪ್ರತಿ ಒಯ್ದು, ನಮ್ಮ ಓಣಿಯ ಕಟ್ಟೆಯ ಮೇಲೆ ಕೂತವರಿಗೆ 22ನೇ ವಿಧಿ ಓದಿ ಹೇಳಿದೆ. 24 ಗಂಟೆಯ ಮಾತು ಕೇಳಿ, ಬಿ.ಎ. ಓದುತ್ತಿರುವ ಓಣಿಯ ಹುಡುಗನೊಬ್ಬ ಇದು ನಿಜವಾಗಿಯೂ ಪುಸ್ತಕದಲ್ಲಿದೆಯಾ ಎಂದು ಕೇಳಿದ. ಪುಸ್ತಕವನ್ನೇ ಅವನ ಕೈಗೆ ಕೊಟ್ಟೆ. ಇನ್ನೂ ವಾಪಸ್ ಕೊಟ್ಟಿಲ್ಲ, ನಾನೂ ಕೇಳಿಲ್ಲ.